ಭಾನುವಾರ ಸಂಜೆ 6ಕ್ಕೆ: ‘ಸ್ಟ್ರೇಂಜ್ ಫ್ರೂಟ್’ ಕೇಳೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಜೂಮ್‌ನಲ್ಲಿ ಅಮೆರಿಕದ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಹಾಡು. 1939ರಲ್ಲಿ ಕಮಡೋರ್ ಎಂಬ ರೆಕಾರ್ಡ್ ಕಂಪನಿ ಮಾಡಿದ ಧ್ವನಿಮುದ್ರಣವನ್ನೇ ಕೇಳೋಣ (ಆಕೆಯ ಹಾಡುಗಳನ್ನು ಮುದ್ರಿಸುತ್ತಿದ್ದ ಕೊಲಂಬಿಯಾ ಕಂಪನಿ ಇದನ್ನು ಮುದ್ರಿಸಲು ಒಪ್ಪಿರಲಿಲ್ಲ). 1956ರದ್ದು ಬೇರೆ, ಅದು ಬೇಡ.

ಆಕೆಯ ದನಿ ಬರುವ ಮುನ್ನ ಸುಮಾರು 70 ಸೆಕೆಂಡು ಬರೀ ವಾದ್ಯ, ದಯವಿಟ್ಟು ಮುಂದೆ ಓಡಿಸಬೇಡಿ. ಹಾಡು ಹಾಕುವವರು ಸ್ಕ್ರೀನ್ ಶೇರ್ ಮಾಡುವಾಗ ‘ಶೇರ್ ಸೌಂಡ್’ ಟಿಕ್ ಮಾಡಿ. ಮೈಕ್ ಮುಂದೆ ಸ್ಪೀಕರ್ ಇಟ್ಟರೆ ಜೂಮ್ ಪಿಯಾನೊವನ್ನು ಗದ್ದಲವೆಂದು ಅಳಿಸಿಬಿಡುತ್ತದೆ. ಉಳಿದವರೆಲ್ಲ ಮ್ಯೂಟ್.

ಆಕೆ ಹಾಡುತ್ತಿದ್ದ ನ್ಯೂಯಾರ್ಕಿನ ನೈಟ್‌ಕ್ಲಬ್ ಕೆಫೆ ಸೊಸೈಟಿಯಲ್ಲಿ ಇದು ಕೊನೆಯ ಹಾಡು: ಊಟ-ಪಾನೀಯದ ಸಪ್ಲೈ ನಿಲ್ಲುತ್ತಿತ್ತು, ದೀಪ ಆರುತ್ತಿತ್ತು, ಒನ್ಸ್ ಮೋರ್ ಇಲ್ಲ. ನಾವೂ ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿರೋಣ.

ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕಿದ್ದನ್ನು ಹೇಳುವ ಹಾಡಿದು, ಚಿಕ್ಕ ಮಕ್ಕಳನ್ನು ಕೂರಿಸಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.