ನಮ್ಮ ಒಂದು ದಿನದ ಟೂರ್ ಬದಲಾಗುತ್ತಿದೆ, ದಯವಿಟ್ಟು ಓದಿ

ನಮಸ್ಕಾರ,

ಮಡಿಕೇರಿಯಿಂದ ಹೊರಡುವ ನಮ್ಮ ಒಂದು ದಿನದ ಟೂರ್ ಬರುವ ಅಕ್ಟೋಬರ್ 1ರಿಂದ ಬದಲಾಗುತ್ತದೆ. ರಾಜಾಸೀಟ್, ಅಬ್ಬಿ, ಮಾಂದಲಪಟ್ಟಿ, ದುಬಾರೆ, ನಿಸರ್ಗಧಾಮ ಎಲ್ಲವನ್ನೂ ಒಂದೇ ದಿನದಲ್ಲಿ ಸುತ್ತಿಸುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಗಾಡಿ ಹೋಗುವುದು ಸೋಮವಾರಪೇಟೆ ಕಡೆಗೆ. ಬೆಳಗ್ಗೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಮತ್ತು ಅದರ ಪಕ್ಕದ ಗವಿಬೆಟ್ಟ, ಮಧ್ಯಾಹ್ನದ ಮೇಲೆ ಮಲ್ಲಳ್ಳಿ ಜಲಪಾತ. ಅಷ್ಟೇ.

ಯಾಕೆ ಅಂತ ಕೇಳ್ತೀರಿ, ಕೇಳಲೇಬೇಕು. ಕಳೆದ ಡಿಸೆಂಬರ್‌ನ ಒಂದು ಶನಿವಾರ ಹುಬ್ಬಳ್ಳಿಯಿಂದ ಬಂದಿದ್ದ ವಯಸ್ಸಾದ ದಂಪತಿಯನ್ನು ಕರೆದುಕೊಂಡು ಹೋಗಿದ್ದೆವು. ಅಬ್ಬಿ ರಸ್ತೆಯಲ್ಲಿ ಟ್ರಾಫಿಕ್, ಮಾಂದಲಪಟ್ಟಿಯ ಜೀಪಿಗೆ ಕ್ಯೂ, ಮೇಲೆ ಹೋದರೆ ಬರೀ ಮಂಜು, ಇಪ್ಪತ್ತು ನಿಮಿಷ ನಿಂತು ಕೆಳಗಿಳಿಯುವ ಹೊತ್ತಿಗೆ ದುಬಾರೆಗೆ ತಡವಾಯಿತು ಅಂತ ನಾವೇ ಅವಸರ ಮಾಡಿದೆವು. ಸಂಜೆ ಇಳಿಯುವಾಗ ಅಜ್ಜಿ ಸಿಟ್ಟು ಮಾಡಲಿಲ್ಲ. ಪರ್ಸ್ ಮಡಿಲಲ್ಲಿ ಇಟ್ಟುಕೊಂಡು, ಇವತ್ತು ನಾವು ಎಷ್ಟು ಹೊತ್ತು ಗಾಡಿಯಲ್ಲೇ ಇದ್ದೆವು ಅಂತ ಮಾತ್ರ ಕೇಳಿದರು. ಲೆಕ್ಕ ಹಾಕಿದರೆ ಏಳು ಗಂಟೆ ದಾಟಿತ್ತು. ಅವತ್ತಿನಿಂದ ನಮಗೆ ಈ ಟೂರ್ ನಡೆಸೋಕೆ ಮನಸ್ಸೇ ಬರಲಿಲ್ಲ.

ಹೊನ್ನಮ್ಮನ ಕೆರೆ ಸೋಮವಾರಪೇಟೆ ಪೇಟೆಯಿಂದ ಹತ್ತು ಕಿಲೋಮೀಟರೂ ಇಲ್ಲ, ಆದರೂ ಕೊಡಗಿಗೆ ನಾಲ್ಕೈದು ಸಲ ಬಂದವರು ಕೂಡ ಇದನ್ನು ನೋಡಿರುವುದು ಕಡಿಮೆ. ಕೆರೆ ತೋಡಿದರೂ ನೀರು ನಿಲ್ಲಲಿಲ್ಲ, ಆಗ ಮನೆಯ ಸೊಸೆ ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳು ಅನ್ನುವುದು ಊರಿನ ಕತೆ. ಗೌರಿ ಹಬ್ಬದ ದಿನ ಇಲ್ಲಿ ಕೆರೆಗೆ ಬಾಗಿನ ಬಿಡುತ್ತಾರೆ, ಸುತ್ತಲಿನ ಊರುಗಳಿಂದ ಹೆಂಗಸರು ಮೊರ ಹಿಡಿದು ಬರುತ್ತಾರೆ. ಅವತ್ತು ನಾವು ಟೂರ್ ಇಡುವುದಿಲ್ಲ. ಅದು ಅವರ ದಿನ.

ಬೇರೆ ದಿನಗಳಲ್ಲಿ ಬೆಳಗ್ಗೆ ಎಂಟರ ಒಳಗೆ ಅಲ್ಲಿರಬೇಕು ಅನ್ನುವುದು ನಮ್ಮ ಹಠ. ಆ ಹೊತ್ತಿಗೆ ನೀರಿನ ಮೇಲಿನ ಮಂಜು ಇನ್ನೂ ಎದ್ದಿರುವುದಿಲ್ಲ. ಮೊದಲು ಆಚೆ ದಡದ ಮರಗಳ ತುದಿ ಕಾಣುತ್ತದೆ, ಆಮೇಲೆ ಬುಡ, ಆಮೇಲೆ ನೀರಿನಲ್ಲಿ ಅದೇ ಮರ ತಲೆಕೆಳಗಾಗಿ. ಇದಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು, ಸುಮ್ನೆ ಕೂತಿರಬೇಕು, ಬೆಲ್ಲದ ಕಾಫಿ ನಾವು ಕೊಡುತ್ತೇವೆ. ಬಿಸಿಲು ಬಂದ ಮೇಲೆ ಗವಿಬೆಟ್ಟ ಹತ್ತುವುದು. ದೊಡ್ಡ ಬೆಟ್ಟವೇನಲ್ಲ, ನಿಧಾನಕ್ಕೆ ಹತ್ತಿದರೆ ಅರವತ್ತು ದಾಟಿದವರಿಗೂ ಆಗುತ್ತದೆ.

ಇನ್ನೊಂದು ಕಾರಣ ನೀರು. ಬೆಳಗ್ಗೆ ನಾವು ಮಕ್ಕಂದೂರು, ಮಾದಾಪುರ ಮೇಲೆ ಹೋಗುವಾಗ ಹಟ್ಟಿಹೊಳೆ ದಾಟುತ್ತೇವೆ. ಆ ನೀರು ಹಾರಂಗಿ ಸೇರಿ, ಕೂಡಿಗೆಯಲ್ಲಿ ಕಾವೇರಿಗೆ ಬಿದ್ದು, ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಮಧ್ಯಾಹ್ನ ಮಲ್ಲಳ್ಳಿಯಲ್ಲಿ ಧುಮುಕುವುದು ಪುಷ್ಪಗಿರಿ ಕಡೆಯಿಂದ ಬರುವ ಕುಮಾರಧಾರಾ. ಅದು ಸುಬ್ರಹ್ಮಣ್ಯ ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಅರಬ್ಬಿ ಸಮುದ್ರಕ್ಕೆ. ಒಂದೇ ದಿನದಲ್ಲಿ ಪೂರ್ವಕ್ಕೆ ಹೋಗುವ ನೀರು, ಪಶ್ಚಿಮಕ್ಕೆ ಹೋಗುವ ನೀರು ಎರಡನ್ನೂ ನೋಡಿ ಬರಬಹುದು. ನಮ್ಮ ಗೈಡ್‌ಗಳೆಲ್ಲ ಇದೇ ತಾಲೂಕಿನವರು, ಈ ಹೊಳೆಗಳ ಬಗ್ಗೆ ಕೇಳಿದರೆ ಮಾತು ನಿಲ್ಲಿಸುವುದು ಕಷ್ಟ.

ದಾರಿಯ ಬಗ್ಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದು ಈ ಮಕ್ಕಂದೂರು, ಹಟ್ಟಿಹೊಳೆ ಭಾಗದಲ್ಲೇ. ಜನ ಮನೆ, ತೋಟ, ತಮ್ಮವರನ್ನು ಕಳೆದುಕೊಂಡಿದ್ದಾರೆ. ಅಲ್ಲಿ ಫೋಟೊಗೆ ಗಾಡಿ ನಿಲ್ಲಿಸಿ ಅಂತ ಕೇಳಬೇಡಿ, ನಿಲ್ಲಿಸುವುದಿಲ್ಲ. ಹಾಗೇ ಮಲ್ಲಳ್ಳಿಯಲ್ಲಿ ನೀರಿಗಿಳಿಯುವ ಹಾಗಿಲ್ಲ. ಈಜು ಬಂದರೂ ಇಲ್ಲ. ಅಲ್ಲಿ ಜೀವಗಳು ಹೋಗಿವೆ. ನೂರಾರು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಮಂಡಿ ನೋವಿದ್ದವರು ಮೇಲಿನಿಂದಲೇ ಚೆನ್ನಾಗಿ ನೋಡಬಹುದು, ಜೊತೆಗೆ ನಮ್ಮವರೊಬ್ಬರು ಇರುತ್ತಾರೆ.

ಈಗ ದುಡ್ಡಿನ ವಿಷಯ. ತಲೆಗೆ 1,800 ಇದ್ದದ್ದು 2,100 ಆಗುತ್ತದೆ. ಒಂದು ಗಾಡಿಗೆ ಹದಿನಾಲ್ಕು ಜನರ ಬದಲು ಹತ್ತೇ ಜನ, ಮತ್ತು ಇಬ್ಬರು ಗೈಡ್, ಹಾಗಾಗಿ ಇದಕ್ಕಿಂತ ಕಡಿಮೆಗೆ ಆಗಲಿಲ್ಲ. ಮಧ್ಯಾಹ್ನದ ಊಟ ಇದರಲ್ಲೇ ಸೇರಿದೆ, ಹಳ್ಳಿಯ ಮನೆಯೊಂದರಲ್ಲಿ ಅಕ್ಕಿ ರೊಟ್ಟಿ, ಪಲ್ಯ, ಅನ್ನ ಸಾರು, ಬೇಕಾದವರಿಗೆ ಕೋಳಿ ಸಾರು. ಈಗಾಗಲೇ ಹಳೆಯ ಟೂರ್‌ಗೆ ದುಡ್ಡು ಕಟ್ಟಿದವರು ಜಾಸ್ತಿ ಏನೂ ಕೊಡಬೇಕಿಲ್ಲ. ಈ ಬದಲಾವಣೆ ಬೇಡ ಅನಿಸಿದರೆ ಪೂರ್ತಿ ಹಣ ವಾಪಸ್, ಕಾರಣ ಕೇಳುವುದಿಲ್ಲ. ಮಾಂದಲಪಟ್ಟಿ ನೋಡಲೇಬೇಕು ಅನ್ನುವವರಿಗೆ ನಮಗೆ ಗೊತ್ತಿರುವ ಜೀಪಿನವರನ್ನು ಹೇಳಿಕೊಡುತ್ತೇವೆ, ಅವರು ಒಳ್ಳೆಯವರು, ಅವರ ಹೊಟ್ಟೆಪಾಡೂ ಅದೇ. ವಾರದ ಮಧ್ಯದಲ್ಲಿ ಬೆಳಗ್ಗೆ ಬೇಗ ಹೋಗಿ.

ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ ಟೂರ್ ಇರುವುದಿಲ್ಲ. ಉಳಿದ ತಿಂಗಳುಗಳಲ್ಲೂ ಜೋರು ಮಳೆ ಬಂದರೆ ಹಿಂದಿನ ಸಂಜೆಯೇ ಫೋನ್ ಮಾಡಿ ದಿನ ಬದಲಿಸುತ್ತೇವೆ. ಕಾಫಿ ಹೂ ಯಾವಾಗ ಅಂತ ತುಂಬಾ ಜನ ಕೇಳುತ್ತೀರಿ. ಬೇಸಿಗೆಯ ಮೊದಲ ಒಳ್ಳೆ ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ತಾರೀಕು ಕೊಡೋಕೆ ನಮ್ಮ ಕೈಯಲ್ಲಿ ಇಲ್ಲ, ಆದರೆ ಮಳೆ ಬಿದ್ದ ದಿನವೇ ನಿಮಗೆ ಮೆಸೇಜ್ ಕಳಿಸುತ್ತೇವೆ.

ಬೆಳಗ್ಗೆ ಆರು ಗಂಟೆಗೆ ಮಡಿಕೇರಿ ಬಸ್ ಸ್ಟ್ಯಾಂಡ್ ಎದುರು ಗಾಡಿ ಇರುತ್ತದೆ. ಉದ್ದನೆಯ ಸಾಕ್ಸ್ ಹಾಕಿಕೊಂಡು ಬನ್ನಿ, ಅಕ್ಟೋಬರ್‌ನಲ್ಲಿ ಹುಲ್ಲು ಒದ್ದೆ ಇರುತ್ತದೆ, ಜಿಗಣೆ ಇನ್ನೂ ಇರುತ್ತವೆ. ಕಚ್ಚಿದರೆ ಎಳೆಯಬೇಡಿ, ಉಪ್ಪು ನಮ್ಮ ಹತ್ತಿರ ಇದೆ. ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟೀಲ್ ಬಾಟಲಿ ತಂದರೆ ಗಾಡಿಯಲ್ಲೇ ನೀರು ತುಂಬಿಕೊಡುತ್ತೇವೆ.

ಪ್ರೀತಿಯಿಂದ,
ಗೈಡ್‌ಗಳು ಮತ್ತು ಡ್ರೈವರ್‌ಗಳು, ಮಡಿಕೇರಿ