ಕೇದಾರಕಂಠ ಚಾರಣ ಇನ್ನು ಮುಂದೆ ಏಳು ದಿನದ್ದು: ನಮ್ಮ ಚಾರಣಿಗರಿಗೆ ಪತ್ರ

ಆತ್ಮೀಯರೇ,

ಈ ಚಳಿಗಾಲದಿಂದ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ನಮ್ಮ ಚಾರಣ ಆರು ದಿನದ್ದಲ್ಲ, ಏಳು ದಿನದ್ದು. ಹೆಚ್ಚಿದ ಆ ದಿನ ನೀವು ಎಲ್ಲಿಗೂ ಹೋಗುವುದಿಲ್ಲ. ದಾರಿಯಲ್ಲಿ ಸಿಗುವ ಜೂಡಾ ಕಾ ತಾಲಾಬ್ ಎಂಬ ಕೆರೆಯ ಬಳಿಯ ಬಿಡಾರದಲ್ಲೇ ಉಳಿದು, ಹಿಮದ ಮೇಲೆ ನಡೆಯುವುದನ್ನೂ ಬೀಳುವುದನ್ನೂ ಕಲಿಯುತ್ತೀರಿ. ಶುಲ್ಕ ತಲಾ 1,800 ರೂಪಾಯಿ ಏರಿದೆ. ಈಗಾಗಲೇ ಹಣ ಕಟ್ಟಿದವರು ಹೆಚ್ಚುವರಿ ಕೊಡಬೇಕಿಲ್ಲ. ಒಂದು ದಿನ ಹೆಚ್ಚು ರಜೆ ಸಿಗದವರಿಗೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ.

ಕಾರಣ ಹೇಳಲೇಬೇಕು. ಕಳೆದ ಜನವರಿಯಲ್ಲಿ ಶಿಖರದಿಂದ ಇಳಿಯುವಾಗ ನಮ್ಮ ತಂಡದ ಒಬ್ಬರು ಜಾರಿ ಮೂವತ್ತು ಅಡಿ ಕೆಳಗೆ ಹೋದರು. ಮೆತ್ತನೆಯ ಹಿಮದ ರಾಶಿ ಅವರನ್ನು ತಡೆಯಿತು; ಮಣಿಕಟ್ಟು ಉಳುಕಿದ್ದಷ್ಟೇ. ವಾರಕ್ಕೆರಡು ಬಾರಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಅವರು, ದಮ್ಮಿಗೇನೂ ಕೊರತೆಯಿರಲಿಲ್ಲ. ಜಾರಿದರೆ ಏನು ಮಾಡಬೇಕೆಂದು ನಾವು ಹೇಳಿಕೊಟ್ಟಿರಲಿಲ್ಲ. ‘ಅನುಭವ ಬೇಕಿಲ್ಲ, ಉತ್ಸಾಹ ಸಾಕು’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವರೂ ನಾವೇ. ಆ ಸಾಲನ್ನು ತೆಗೆದಿದ್ದೇವೆ.

ಬೆಟ್ಟದ ಮೆಟ್ಟಿಲು ಕಲಿಸಿದ ಅಭ್ಯಾಸ ಹಿಮದಲ್ಲಿ ತಿರುಗುಬಾಣವಾಗುವುದುಂಟು. ಮೆಟ್ಟಿಲಿಳಿಯುವಾಗ ಮುಂಗಾಲು ಮೊದಲು ಊರುತ್ತೇವೆ. ಮೆತ್ತನೆಯ ಹಿಮದಲ್ಲಿ ಇಳಿಯುವಾಗ ಹಿಮ್ಮಡಿಯನ್ನು ಗಟ್ಟಿಯಾಗಿ ಇಳಿಸಬೇಕು. ಹೆದರಿ ಹಿಂದಕ್ಕೆ ವಾಲಿದರೋ, ಕುಂಡಿ ನೆಲಕ್ಕೆ. ನಸುಕಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿರುವ ಹಿಮ ಬಿಸಿಲೇರಿದಂತೆ ಸಡಿಲವಾಗುತ್ತದೆ, ಆದ್ದರಿಂದ ಹತ್ತಿದ ದಾರಿಯಲ್ಲೇ ಇಳಿದರೂ ನಡಿಗೆ ಬೇರೆ. ಜಾರಿದರೆ ತಕ್ಷಣ ಬೋರಲಾಗಿ ಮಗುಚಿ, ಕೈಗಳನ್ನೂ ಬೂಟಿನ ತುದಿಗಳನ್ನೂ ಹಿಮಕ್ಕೆ ಒತ್ತಬೇಕು. ಕಾಲಿಗೆ ಮುಳ್ಳಿನ ಸ್ಪೈಕ್ ಕಟ್ಟಿದ್ದರೆ ಮಾತ್ರ ಪಾದ ಮೇಲೆತ್ತಿ ಮೊಣಕಾಲು ಊರಬೇಕು. ವೇಗದಲ್ಲಿ ಮುಳ್ಳು ಸಿಕ್ಕಿಕೊಂಡರೆ ಕಣಕಾಲು ಮುರಿಯಬಹುದು, ಪಲ್ಟಿಯೂ ಹೊಡೆಯಬಹುದು. ಇದನ್ನು ಓದಿ ಕಲಿಯಲಾಗದು. ಹತ್ತಾರು ಸಲ ಬಿದ್ದರೆ ಮೈಗೆ ಬರುತ್ತದೆ. ಅದಕ್ಕೇ ಆ ಒಂದು ದಿನ.

ಚಳಿಯ ಮಾತು ಬೇರೆಯೇ. 2024ರ ಜೂನ್‌ನಲ್ಲಿ, ಬೇಸಿಗೆಯಲ್ಲೇ, ಉತ್ತರಾಖಂಡದ ಸಹಸ್ರತಾಲ್ ಚಾರಣದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಮೈಸೂರಿನಲ್ಲಿ ಹದಿನೈದು ಡಿಗ್ರಿಗೇ ಮಂಕಿ ಕ್ಯಾಪ್ ಹುಡುಕುವ ನಾವು, ಅಲ್ಲಿಗೆ ಹೊರಟಾಗ ಒಳಗೆ ಹತ್ತಿ ಬನಿಯನ್ ಹಾಕಿ ಮೇಲೆ ಮೂರು ಸ್ವೆಟರ್ ಹೇರಿಕೊಳ್ಳುತ್ತೇವೆ. ಹತ್ತಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಕೂಡಲೇ ಮೈಯ ಶಾಖವನ್ನು ಕಸಿಯುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಬೆವರುವ ಮೊದಲೇ ಒಂದು ಪದರ ಕಳಚಿ. ಯಾರಾದರೂ ತೊದಲಿದರೆ, ಎಡವುತ್ತಿದ್ದರೆ, ನಡುಗುತ್ತಿದ್ದವರು ಸುಮ್ಮನಾದರೆ ನಡಿಗೆ ನಿಲ್ಲಿಸಿ ಕೂಗಿ.

ಹಿಮಕುಸಿತದ ವಿದ್ಯೆಯನ್ನು ಒಂದೇ ದಿನದಲ್ಲಿ ಕಲಿಸುತ್ತೇವೆಂದು ನಾವು ಹೇಳುವುದಿಲ್ಲ. ಅದನ್ನು ನಿಜವಾಗಿ ಕಲಿಯುವವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂಥ ಕಡೆ ವಾರಗಟ್ಟಲೆ ತರಬೇತಿ ಪಡೆಯುತ್ತಾರೆ. ನಾವು ತೋರಿಸುವುದು ಇಷ್ಟು: ಹೊಸ ಹಿಮ ಹೊತ್ತ 30ರಿಂದ 45 ಡಿಗ್ರಿಯ ಇಳಿಜಾರನ್ನು ಗುರುತಿಸುವುದು, ಅದರ ಮೇಲೂ ಕೆಳಗೂ ನಿಲ್ಲದಿರುವುದು. ಮಾರ್ಗದರ್ಶಕರು ಹಿಂದಿರುಗಿ ಎಂದರೆ ಹಿಂದಿರುಗುವುದು; ಶಿಖರ ಮುಟ್ಟದಿದ್ದಕ್ಕೆ ಹಣ ವಾಪಸು ಕೇಳುವ ಹಳೆಯ ಜಗಳ ಇನ್ನು ಬೇಡ.

ತಂಡದಲ್ಲಿ ಇನ್ನು ಇಪ್ಪತ್ತರ ಬದಲು ಹನ್ನೆರಡೇ ಮಂದಿ. ಹೊರಡುವ ಮೂರು ವಾರ ಮೊದಲು, ಭಾನುವಾರ ಬೆಳಿಗ್ಗೆ ಆರಕ್ಕೆ, ಚಾಮುಂಡಿ ಬೆಟ್ಟದ ಪಾದದಲ್ಲಿ ಸೇರಿ ಬಟ್ಟೆ, ಬೂಟು, ಚೀಲದ ತೂಕ ನೋಡುತ್ತೇವೆ. ಪ್ರಯಾಣದಲ್ಲಿ ತೊಡುವ ಬೂಟನ್ನೇ ಹಾಕಿಕೊಂಡು ಬನ್ನಿ. ಹೊಸ ಬೂಟನ್ನು ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಡಬ್ಬದಿಂದ ತೆಗೆದವರ ಕಾಲಿನ ಬೊಬ್ಬೆಗೆ ಪಟ್ಟಿ ಕಟ್ಟಿ ಕಟ್ಟಿ ನಮಗೆ ಸಾಕಾಗಿದೆ.

ಇತಿ,
ನಿಮ್ಮ ಚಾರಣ ತಂಡ, ಮೈಸೂರು