ಶಿಲುಬೆ ಕಂಡ ಕೂಡ್ಲೇ ಬರೆಯೋಕೆ ಕೂರಬೇಡ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನ ಓದ್ದೆ. ಭಾಷೆ ಚೆನ್ನಾಗಿದೆ, ಓದಿಸ್ಕೊಂಡು ಹೋಗುತ್ತೆ. ನನ್ನ ತಕರಾರಿರೋದು ಲ್ಯಾಮಿನಿನ್ ಭಾಗದ ಬಗ್ಗೆ. ಈ ಪ್ರೋಟೀನು ಶಿಲುಬೆ ಆಕಾರದಲ್ಲಿದೆ, ದೇಹ ಬಿಡಿಬಿಡಿಯಾಗದ ಹಾಗೆ ಹಿಡಿದಿರೋದೂ ಇದೇ, ಸಮಸ್ತವೂ ಕ್ರಿಸ್ತನಲ್ಲಿ ನೆಲೆಗೊಂಡಿದೆ ಅಂತ ಬೈಬಲ್ಲಿನಲ್ಲಿ ಪೌಲ ಕೊಲೊಸ್ಸೆ ಊರಿನವರಿಗೆ ಬರೆದದ್ದಕ್ಕೆ ಇದೇ ಸಾಕ್ಷಿ ಅಂತ ಹೇಳಿ, ದೇವರು ನಮ್ಮೊಳಗೇ ಸಹಿ ಹಾಕಿದಾನೆ ಅಂತ ಮುಗಿಸಿದೀಯ. ವರ್ಷಗಟ್ಟಲೆ ಫಾರ್ವರ್ಡ್ ಆಗ್ತಾ ಬಂದಿರೋ ಮಾತು ಇದು.

ನೀನು ನೋಡಿರೋದು ಪಠ್ಯಪುಸ್ತಕದ ಡಯಾಗ್ರಾಮ್. ಅದರಲ್ಲಿ ಶಿಲುಬೆ ನೆಟ್ಟಗೆ ನಿಂತಿರುತ್ತೆ, ಸರಿ. ಮೂರು ಪ್ರೋಟೀನ್ ಸರಪಳಿ, ಒಂದೊಂದಕ್ಕೂ ಒಂದು ಗಿಡ್ಡ ತೋಳು, ಕೆಳಗಡೆ ಮೂರೂ ಹೆಣೆದುಕೊಂಡು ಒಂದು ಉದ್ದ ಕಾಲು. ಆದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಫೋಟೋ ನೋಡು, ತೋಳುಗಳು ಬಾಗಿ, ಸೊಟ್ಟಗಾಗಿ, ಒಂದು ಮೇಲೆ ಒಂದು ಕೆಳಗೆ ಬಿದ್ಕೊಂಡಿರುತ್ತೆ. ಲ್ಯಾಮಿನಿನ್‌ನಲ್ಲೇ ಹತ್ತು ಹದಿನೈದು ಬಗೆ ಇದೆ, ಕೆಲವಕ್ಕೆ ತೋಳೇ ಮೊಟಕು, ಅವು ಶಿಲುಬೆ ಥರ ಕಾಣೋದೇ ಇಲ್ಲ. ಹಾಗಂತ ಆ ಬಗೆಗಳಲ್ಲಿ ದೇವರು ಸಹಿ ಹಾಕೋದು ಮರೆತ ಅಂತೀಯಾ?

ಇನ್ನೊಂದು ವಿಷಯ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ, ನನಗಂತೂ ಇದೇ ಮುಖ್ಯ ಅನ್ಸುತ್ತೆ. ಆ ಉದ್ದ ಕಾಲಿನ ತುದಿ ಜೀವಕೋಶವನ್ನ ಹಿಡ್ಕೊಳ್ಳೋ ಜಾಗ. ನರಗಳ ಸುತ್ತ ಇರೋ ಲ್ಯಾಮಿನಿನ್‌ನಲ್ಲಿ ಕುಷ್ಠದ ಬ್ಯಾಕ್ಟೀರಿಯಾ ಬಂದು ಅಂಟಿಕೊಳ್ಳೋದೂ ಅದೇ ತುದಿಗೆ, ಅಲ್ಲಿಂದಲೇ ಅದು ನರದ ಹೊದಿಕೆಯ ಕೋಶದೊಳಗೆ ದಾರಿ ಮಾಡ್ಕೊಳ್ಳೋದು. ನೀನು ಶಿಲುಬೆ ಅಂತ ತೋರಿಸಿದ ಅದೇ ವಸ್ತು, ಯೇಸು ಕೈ ಚಾಚಿ ಮುಟ್ಟಿದ ಆ ಕುಷ್ಠರೋಗಿಯ ಕಾಯಿಲೆಗೆ ಬಾಗಿಲಾಗಿದೆ. (ಬೈಬಲ್ಲಿನ ಕುಷ್ಠವೂ ಇವತ್ತು ನಾವು ಹೇಳೋ ಕುಷ್ಠವೂ ಒಂದೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಅದನ್ನೂ ಬರಿ.) ಸಹಿ ಅಂತ ಬರೆದ ಮೇಲೆ ಈ ಸಂಗತಿಯನ್ನ ಮುಚ್ಚಿಡಬೇಕಾಗುತ್ತೆ, ನನಗೆ ಹೀಗೆ ಕಂಡಿತು ಅಂತ ಬರೆದಿದ್ರೆ ಇದೂ ಒಳಗೆ ಬಂದು ಕೂತ್ಕೋತಿತ್ತು, ಲೇಖನವೂ ಗಟ್ಟಿಯಾಗ್ತಿತ್ತು.

ಪ್ರತೀಕವೇ ಬೇಡ ಅಂತ ನಾನು ಹೇಳ್ತಿಲ್ಲ. ಖಗೋಳಶಾಸ್ತ್ರಜ್ಞ ಕೆಪ್ಲರ್‌ಗೆ ಗೋಳದಲ್ಲಿ ತ್ರಿತ್ವ, ಅಂದ್ರೆ ಒಬ್ಬನೇ ದೇವರಲ್ಲಿ ಮೂವರು, ಕಂಡಿತ್ತು, ಕೇಂದ್ರ ತಂದೆ, ಮೇಲ್ಮೈ ಮಗ, ನಡುವಿನ ಜಾಗ ಪವಿತ್ರಾತ್ಮ, 1596ರ ಪುಸ್ತಕದಲ್ಲೇ ಬರೆದಿದಾನೆ, ಕೊನೇವರೆಗೂ ಬಿಡಲಿಲ್ಲ. ಆದ್ರೆ ಮಂಗಳ ಗ್ರಹದ ಜಾಗದಲ್ಲಿ ಲೆಕ್ಕಕ್ಕೂ ಆಕಾಶದಲ್ಲಿ ಕಂಡದ್ದಕ್ಕೂ 8 ಆರ್ಕ್‌ಮಿನಿಟ್ ವ್ಯತ್ಯಾಸ ಬಂತು, ಅಂದ್ರೆ ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗದಷ್ಟು, ಅಷ್ಟಕ್ಕೇ ಅವನು ಅಲ್ಲೀವರೆಗೆ ಎಲ್ಲರೂ ನಂಬಿದ್ದ ವೃತ್ತವನ್ನೇ ಕೈಬಿಟ್ಟು 1609ರಲ್ಲಿ ದೀರ್ಘವೃತ್ತ ಅಂತ ಹೇಳಿದ. ಗೋಳದಲ್ಲಿ ದೇವರನ್ನ ಕಂಡ ಮನುಷ್ಯ, ಹಾಗಾಗಿ ಗ್ರಹಗಳೂ ದುಂಡಗೇ ಓಡಬೇಕು ಅಂತ ಹಟ ಹಿಡೀಲಿಲ್ಲ ನೋಡು.

ವಿಜ್ಞಾನಿ ಲೆಮೈತ್ರ್ ಅಂತೂ ಸ್ವತಃ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದವರು, ಆಮೇಲೆ 1931ರಲ್ಲಿ ಎಲ್ಲಾ ಒಂದು ಆದಿಮ ಪರಮಾಣುವಿನಿಂದ ಶುರುವಾಯ್ತು ಅಂತ ಹೇಳಿದವರೂ ಅವರೇ. 1951ರಲ್ಲಿ ಹನ್ನೆರಡನೇ ಪಯಸ್ ಪೋಪ್, ಬೆಳಕಾಗಲಿ ಅನ್ನೋ ಆ ಆದಿಯ ಮಾತಿಗೆ ವಿಜ್ಞಾನವೇ ಸಾಕ್ಷಿ ಹೇಳ್ತಿದೆ ಅನ್ನೋ ಅರ್ಥದಲ್ಲಿ ಭಾಷಣ ಮಾಡಿದ್ರು. ಬೇರೆಯವರಾಗಿದ್ರೆ ಕುಣಿದಾಡ್ತಿದ್ರು, ಲೆಮೈತ್ರ್‌ಗೆ ಹಿಡಿಸಲಿಲ್ಲ, ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿದೆ ಅನ್ನೋದು ಅವರ ನಿಲುವು. ನಾಳೆ ಸಿದ್ಧಾಂತ ಬದಲಾದ್ರೆ ಅದಕ್ಕೆ ಕಟ್ಟಿದ ನಂಬಿಕೆ ಗತಿಯೇನು, ಯೋಚನೆ ಮಾಡು.

ಇನ್ನು ನೀರು, ಮಂಜುಗಡ್ಡೆ, ಹಬೆ ಅಂತ ತ್ರಿತ್ವಕ್ಕೆ ಕೊಟ್ಟ ಉದಾಹರಣೆ. ಅದನ್ನ ತೆಗಿ. ಅದು ವಿಜ್ಞಾನಕ್ಕಿಂತ ಮೊದಲು ದೇವಶಾಸ್ತ್ರದಲ್ಲೇ ಸೋಲುತ್ತೆ, ಒಬ್ಬನೇ ಒಂದೊಂದು ಸಲ ಒಂದೊಂದು ರೂಪದಲ್ಲಿ ಬರ್ತಾನೆ ಅನ್ನೋ ಸಬೆಲಿಯಸ್‌ನ ಬೋಧನೆಯನ್ನ ಕ್ರೈಸ್ತ ಸಭೆ ಮೂರನೇ ಶತಮಾನದಲ್ಲೇ ತಳ್ಳಿಹಾಕಿದೆ. 0.01 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒತ್ತಡ ತುಂಬಾ ಕಮ್ಮಿ ಇದ್ರೆ ಮೂರೂ ಒಟ್ಟಿಗೇ ಇರುತ್ತೆ ಅಂತ ಯಾರೋ ಜಾಣರು ಹೇಳ್ತಾರೆ, ಆಗಲೂ ಅಲ್ಲಿರೋದು ಪಕ್ಕಪಕ್ಕದಲ್ಲಿರೋ ಮೂರು ಪಾಲು ನೀರು ಅಷ್ಟೇ.

ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಗೋದಿ ಕಾಳು ಮಣ್ಣಿಗೆ ಬಿದ್ದು ಸಾಯಬೇಕು ಅನ್ನೋ ಮಾತಿದೆಯಲ್ಲ, ಅದನ್ನ ಮತ್ತೊಮ್ಮೆ ಓದು. ಬೀಜ ನಿಜವಾಗ್ಲೂ ಸತ್ತಿದ್ರೆ ಮೊಳಕೇನೇ ಬರಲ್ಲ ಅಂತ ಸಸ್ಯಶಾಸ್ತ್ರದವರು ಹೇಳಿದ್ರೂ ಆ ಮಾತಿಗೆ ಏನೂ ಆಗಲ್ಲ, ಯಾಕಂದ್ರೆ ಯೇಸು ಅಲ್ಲಿ ಕಾಳನ್ನ ಸಾಕ್ಷಿಗೆ ಕರೆದಿಲ್ಲ, ತನ್ನ ಸಾವಿನ ಬಗ್ಗೆ ಮಾತಾಡ್ತಿದಾನೆ. ನಿನ್ನ ಲ್ಯಾಮಿನಿನ್‌ಗೆ ಆ ಸ್ವಾತಂತ್ರ್ಯ ಕೊಡು.

ಹಾಗಾಗಿ ಸಹಿ ಅನ್ನೋ ಸಾಲು ತೆಗಿ, ಕುಷ್ಠದ ವಿಷಯ ಸೇರಿಸು, ಅದಕ್ಕೆ ಎರಡು ಪುಟ ಬೇಕಾದ್ರೂ ತಗೋ. ತಿದ್ದಿದ ಮೇಲೆ ಕಳಿಸು, ಡಯಾಗ್ರಾಮ್ ಬದಲು ಆ ಸೊಟ್ಟ ತೋಳುಗಳ ಫೋಟೋ ಹಾಕು.

ನಿನ್ನ ಅಣ್ಣ